ಹರಗದೆ ಬಿಟ್ಟ ದಾರಿ

ಮೊನ್ನೆ ಸಂಜೆ ಜೋರಾಪುರ ಪೇಟೆಯ ನಮ್ಮ ಓಣಿಯ ತುದಿಯಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದೆ. ಕರಿದದ್ದು ಬೇಡ ಎಂದು ಡಾಕ್ಟರು ಹೇಳಿದ್ದಾರೆ, ನಿಜ. ಆದರೆ ಅವರು ಸಂಜೆ ಹೊತ್ತು ನಮ್ಮ ಓಣಿಯಲ್ಲಿ ನಡೆದು ನೋಡಿದವರಲ್ಲ. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ, ಭಜಿ ಕಟ್ಟಿದ್ದ ಕಾಗದ ಯಾವುದೋ ಲೇಔಟಿನ ಜಾಹೀರಾತು. ಬಣ್ಣದ ನಕ್ಷೆ, ನಕ್ಷೆಯ ನಡುವೆ ಒಂದು ಉದ್ಯಾನ, ಕೆಳಗೆ ದಪ್ಪ ಅಕ್ಷರದಲ್ಲಿ 'ತಿಕೋಟಾ ರಸ್ತೆಗೆ ಹತ್ತಿಕೊಂಡ ಎಲ್ಲೋ ಝೋನ್ ಪ್ಲಾಟುಗಳು'. ಎಣ್ಣೆ ಕುಡಿದು ಉದ್ಯಾನ ಪೂರ್ತಿ ತೆಳ್ಳಗಾಗಿ, ಅದರ ಮೂಲಕ ನನ್ನ ತಟ್ಟೆಯ ಹೂವಿನ ಚಿತ್ರ ಕಾಣುತ್ತಿತ್ತು. ಬೇರೆ ದಿನವಾಗಿದ್ದರೆ ಹೆಂಡತಿಯನ್ನು ಕರೆದು ತೋರಿಸಿ ನಗುತ್ತಿದ್ದೆ. ಆದರೆ 'ಎಲ್ಲೋ' ಎಂಬ ಆ ಶಬ್ದ ಓದಿದ ಮೇಲೆ ನಗು ಬರಲಿಲ್ಲ. ಗೌರಕ್ಕ ಕಣ್ಣ ಮುಂದೆ ಬಂದಳು.

ಗೌರಕ್ಕ ನನ್ನ ಅಕ್ಕ. ನಾವು ಮೂಲತಃ ಕಾಖಂಡಕಿಯವರು. ತಿಕೋಟಾ ರಸ್ತೆಗೆ ಹೊಲವಿದ್ದ ಮನೆತನಕ್ಕೆ ಅವಳನ್ನು ಕೊಟ್ಟಾಗ ಅಪ್ಪ ಬಹಳ ಹಿಗ್ಗಿದ್ದ. "ಮಗಳು ಪ್ಯಾಟಿ ಹತ್ರ ಇರ್ತಾಳ, ದವಾಖಾನಿ ಹತ್ರ, ಬಸ್ಸು ಹತ್ರ" ಎಂದು ಕಂಡಕಂಡವರಿಗೆ ಹೇಳಿದ. ಪೇಟೆ ತಾನೇ ಎದ್ದು ಮಗಳ ಅಂಗಳಕ್ಕೆ ನಡೆದು ಬರುತ್ತದೆ ಎಂಬ ಕಲ್ಪನೆ ಅವನಿಗೆ ಇರಲಿಲ್ಲ. ಆಗ ಯಾರಿಗೂ ಇರಲಿಲ್ಲ ಬಿಡಿ.

ಅಪ್ಪನ ಮಾತು ಬಂತು, ಸ್ವಲ್ಪ ಆ ಕಡೆ ಹೋಗಿ ಬರೋಣ. ಕಾಖಂಡಕಿಯ ನಮ್ಮ ಹೊಲದ ನಡುವೆ ಒಂದು ಕಾಲುದಾರಿ ಇತ್ತು. ಆಚೆಯ ಹೊಲದವರು ಬುತ್ತಿ ಹೊತ್ತುಕೊಂಡು, ಮೇವು ಹೊತ್ತುಕೊಂಡು ಅದರ ಮೇಲೆ ಓಡಾಡುತ್ತಿದ್ದರು. ಅಪ್ಪ ಕುಂಟೆ ಹೂಡಿ ಹೊಲ ಹರಗುವಾಗ ಆ ದಾರಿಯ ಅಂಚಿಗೆ ಬಂದನೆಂದರೆ ಎತ್ತು ನಿಲ್ಲಿಸಿ, ಕುಂಟೆಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು, ದಾರಿ ದಾಟಿಸಿ, ಆಚೆ ಊರಿ ಮತ್ತೆ ಹೊಡೆಯುತ್ತಿದ್ದ. ಪ್ರತಿ ಸಾಲಿಗೂ ಹೀಗೆಯೇ. ಎತ್ತುಗಳಿಗೂ ಅದು ರೂಢಿಯಾಗಿ, ದಾರಿ ಬಂದ ಕೂಡಲೇ ತಾವೇ ನಿಲ್ಲುತ್ತಿದ್ದವು. "ಯಪ್ಪಾ, ಹಂಗ ಹರಗಿಕೊಂತ ಹೋದ್ರ ಏನಾಕ್ಕೈತಿ? ಮಂದಿ ನಡದ ನಡದ ಮತ್ತ ದಾರಿ ಮಾಡ್ಕೋತಾರ" ಎಂದು ನಾನು ಒಮ್ಮೆ ಕೇಳಿದ್ದೆ. "ಮಂದಿ ನಡಿಯೂ ದಾರಿ ಹರಗಬಾರ್ದಲೇ, ಪಾಪ ಹತ್ತತೈತಿ" ಎಂದ. ಕುಂಟೆ ಎತ್ತುವ ಕಷ್ಟಕ್ಕೆ ಹೆದರಿ ನಾನು ಡ್ರಾಯಿಂಗ್ ಮಾಸ್ತರನಾದೆ. ಅಪ್ಪನ ಮಾತನ್ನು ಗಟ್ಟಿಯಾಗಿ ಹಿಡಿದವಳು ಗೌರಕ್ಕ.

ಅವಳ ಗಂಡ, ನಮ್ಮ ಮಾವ, ತೀರಿಕೊಂಡ ಮೇಲೆ ಹೊಲವನ್ನು ಅವಳೇ ನೋಡಿಕೊಂಡಳು. ಕರಿ ಮಣ್ಣಿನ ಎರಿ ಭೂಮಿ, ಒಳ್ಳೆಯ ಬಾವಿ, ಬಾವಿಗೆ ಎದುರಾಗಿ ಮನೆ. ಮಗಳನ್ನು ತಿಕೋಟಾಕ್ಕೆ ಕೊಟ್ಟಿದ್ದಳು. ಬೀಗರದು ದ್ರಾಕ್ಷಿ ಪಡ, ದೊಡ್ಡ ತೋಟ. ಅಲ್ಲಿಗೆ ಹೋಗಿ ಬಂದಾಗಲೆಲ್ಲ ಅವಳದು ಒಂದೇ ಧ್ಯಾನ. ಚಪ್ಪರದ ಕೆಳಗಿನ ತಂಪು, ಜೋತುಬಿದ್ದ ಗೊನೆ, ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿ ಆಗುವ ಮಣೂಕದ ವಾಸನೆ. "ತಮ್ಮಾ, ನಮ್ಮ ಬಾವಿ ನೀರಿಗೆ ಒಂದು ಪಡ ಹಾಕೂನು. ನಾ ಸಾಯೂದ್ರಾಗ ನನ್ನ ಹೊಲದಾಗ ಒಂದು ಗೊನಿ ಹರಿದು ತಿನಬೇಕು." ಅವಳ ಆಸೆ ಅಷ್ಟೇ ಇತ್ತು.

ಆ ಹೊತ್ತಿಗೆ, ನಗರಕ್ಕೆ ಹೊಸ ಯೋಜನೆ ಆಗಿದೆ, ನಕ್ಷೆ ಗೋಡೆಗೆ ಹಾಕಿದ್ದಾರೆ, ತಕರಾರು ಇದ್ದವರು ಬಂದು ನೋಡಬಹುದು ಎಂದು ಪೇಪರಿನಲ್ಲಿ ಬಂತು. ನಕ್ಷೆ ಓದುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಭ್ರಮೆ ನಮ್ಮ ಬಳಗಕ್ಕೆಲ್ಲ ಇತ್ತು, ನನಗೂ ಇತ್ತು. ಅಕ್ಕನನ್ನು ಕರೆದುಕೊಂಡು ಹೋದೆ. ಚಟ ನೋಡಿ, ನಾನು ಮೊದಲು ಗಮನಿಸಿದ್ದು ಬಣ್ಣ ಎಲ್ಲಿಯೂ ಅಂಚು ದಾಟದೆ ಎಷ್ಟು ಸಮನಾಗಿ ಕೂತಿದೆ ಎಂಬುದನ್ನು. ಮನೆ ಕಟ್ಟುವ ಜಾಗಕ್ಕೆ ಹಳದಿ, ಹೊಲಕ್ಕೆ ಹಸಿರು, ಕಾರ್ಖಾನೆಗೆ ನೇರಳೆ. ನನ್ನ ಯಾವ ವಿದ್ಯಾರ್ಥಿಯೂ ಅಷ್ಟು ಚಂದ ಬಣ್ಣ ಹಚ್ಚಿರಲಿಲ್ಲ. ಅಲ್ಲಿ ಕೂತಿದ್ದ ನೌಕರ ಸರ್ವೆ ನಂಬರು ಕೇಳಿ, ನಕ್ಷೆಯ ಮೇಲೆ ಬೆರಳಿಟ್ಟು ಅಕ್ಕನಿಗೆ ಹೇಳಿದ: "ನೋಡ್ರಿ ಅಮ್ಮಾರ, ನಿಮ್ಮ ಹೊಲ ಎಲ್ಲೋದಾಗ ಬಂದೈತಿ."

ಅಕ್ಕ ಸೆರಗು ಸರಿಮಾಡಿಕೊಂಡು ಅವನನ್ನೇ ನೋಡಿದಳು. "ಎಲ್ಲೋ ಯಾಕ ಬರ್ತೈತ್ರಿ? ಅದು ಇದ್ದಲ್ಲೇ ಐತಿ. ಮುಂಜಾನೆ ಎಮ್ಮಿ ಕಟ್ಟಿ ಬಂದೇನಿ."

ನಾನು ನಗು ತಡೆಯಲಾರದೆ, ಹಳದಿಗೆ ಇಂಗ್ಲಿಷಿನಲ್ಲಿ ಎಲ್ಲೋ ಅನ್ನುತ್ತಾರೆ ಎಂದು ಬಿಡಿಸಿ ಹೇಳಿದೆ. "ಹಳದಿ ಅನ್ನಾಕ ಇವರಿಗೇನು ಧಾಡಿ?" ಎಂದಳು. ಮುಂದೆ ಎಷ್ಟೋ ದಿನ ನಮ್ಮ ಮನೆಯಲ್ಲಿ ಅದೇ ಚೇಷ್ಟೆ. ಅಕ್ಕನ ಮನೆಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ, "ಎಲ್ಲೋ" ಎನ್ನುವುದು.

ಈಗ ಅನ್ನಿಸುತ್ತದೆ, ಆ ದಿನ ನಕ್ಷೆಯನ್ನು ಸರಿಯಾಗಿ ಓದಿದವಳು ಅವಳೇ. ಆ ಹಳದಿಯಲ್ಲಿ ಅವಳ ಬಾವಿ ಇರಲಿಲ್ಲ, ಮನೆ ಇರಲಿಲ್ಲ. ಇದ್ದದ್ದು ಎರಡು ಕಪ್ಪು ಗೆರೆ. ಅದು ಮುಂದೆ ಆಗಲಿರುವ ದೊಡ್ಡ ರಸ್ತೆ. ಬಾವಿಯನ್ನು ಒಂದು ಕಡೆ, ಮನೆಯನ್ನು ಇನ್ನೊಂದು ಕಡೆ ಮಾಡಿ ಅದು ಅವಳ ಹೊಲವನ್ನು ಸೀಳಿಕೊಂಡು ಹೋಗಿತ್ತು. ತಕರಾರು ಬರೆದುಕೊಟ್ಟೆವು. ತೆಗೆದುಕೊಂಡರು, ಸೀಲು ಒತ್ತಿದರು. ಕೆಲವು ತಿಂಗಳ ಮೇಲೆ ಬಂದು, ರಸ್ತೆಯ ಗುರುತಿಗೆ ಎರಡು ಸಾಲು ಕಲ್ಲು ನೆಟ್ಟು ಹೋದರು.

ಕಲ್ಲು ಬಿದ್ದ ವರ್ಷದ ಬಿತ್ತನೆಗೆ ಗೌರಕ್ಕ ಏನು ಮಾಡಿದಳು ಗೊತ್ತೆ? ಎರಡು ಸಾಲಿನ ನಡುವಿನ ನೆಲವನ್ನು ಬಿಟ್ಟಳು. ಹರಗಲಿಲ್ಲ, ಬಿತ್ತಲಿಲ್ಲ. ಆಳು ಕುಂಟೆ ಹೊಡೆದುಕೊಂಡು ಬಂದರೆ ಕಲ್ಲಿನ ಹತ್ತಿರ ನಿಂತು ಎತ್ತಿ ದಾಟಿಸಲು ಹೇಳಿದಳು. ಮುಂದೆ ಎತ್ತು ಹೋಗಿ ಟ್ರ್ಯಾಕ್ಟರು ಬಂದಾಗಲೂ ಅದೇ ಮಾತು. ಪಕ್ಕದ ಹೊಲದ ಮೌಲಾಸಾಬರ ಮೂಲೆಯಲ್ಲೂ ಅದೇ ರಸ್ತೆ ಹಾಯುತ್ತಿತ್ತು. ಅವರು ಕಲ್ಲು ಕಿತ್ತು ಹೊಲದಂಚಿನ ಬಾಂದಿನ ಮೇಲೆ ಒಗೆದು, ಜೋಳ ಬಿತ್ತಿ ಕೈ ತೊಳೆದುಕೊಂಡಿದ್ದರು.

ಮೌಲಾಸಾಬರನ್ನು ನಿಮಗೆ ತಿಳಿಸಬೇಕು. ತಲೆಮಾರಿನಿಂದ ಅಲ್ಲೇ ಒಕ್ಕಲುತನ ಮಾಡಿದ ಮನೆತನ. ಅವರ ಮನೆಗೆ ಹೋಗುವ ಕಾಲುದಾರಿ ನಮ್ಮಕ್ಕನ ಹೊಲದೊಳಗಿಂದಲೇ. ಮಾವ ಇದ್ದಾಗಲೂ ಹಾಗೆಯೇ, ಮಾವನ ಅಪ್ಪ ಇದ್ದಾಗಲೂ ಹಾಗೆಯೇ. ದಿನಾ ಆ ದಾರಿಯಲ್ಲಿ ಹೋಗುವಾಗ ನಿಂತು ಎರಡು ಮಾತಾಡಿ ಹೋಗುವುದು ಅವರ ಪದ್ಧತಿ. ಒಮ್ಮೆ ನನ್ನೆದುರಿಗೇ ಅಕ್ಕನಿಗೆ ಹೇಳಿದರು: "ಅಕ್ಕಾರ, ಅದಿನ್ನೂ ಹಾಳ್ಯಾಗಿಂದು ರಸ್ತಾ. ನೆಲದ ಮ್ಯಾಗ ಬರೂತನಾ ನಿಮ್ಮದ ಐತಿ. ಬಿತ್ರಿ."

"ಕಲ್ಲ ಹಾಕ್ಯಾರಲ್ಲ ಮೌಲಣ್ಣ. ನಾಳಿ ಮಂದಿ ನಡಿಯೂ ದಾರಿ ಅದು. ದಾರಿ ಹ್ಯಾಂಗ ಹರಗ್ಲಿ?"

"ಇವತ್ತ ಯಾರೂ ನಡ್ಯಾಕತ್ತಿಲ್ಲಲ್ರಿ."

"ಯಾರೂ ನಡೀದಿದ್ರೇನು, ದಾರಿ ದಾರಿನ."

ಮೌಲಾಸಾಬರು ನನ್ನ ಮುಖ ನೋಡಿದರು. ನಾನೂ ಅದೇ ಅಪ್ಪನ ಮಗ, ಅಕ್ಕ ಹೇಳಿದ್ದೇ ಖರೆ ಎಂದೆ. ಪಡ ಹಾಕುವುದನ್ನು ಅವಳು ಮುಂದೂಡುತ್ತಲೇ ಹೋದಳು. ರಸ್ತೆ ಆಗಿಬಿಡಲಿ, ಎಷ್ಟು ಹೋಯಿತು ಎಷ್ಟು ಉಳಿಯಿತು ಗೊತ್ತಾಗಲಿ, ಸರಕಾರದವರು ಕೊಡುವುದು ಕೊಡಲಿ, ಆಮೇಲೆ ಬಾವಿಯಿಂದ ರಸ್ತೆಯ ಕೆಳಗೆ ಪೈಪು ಹಾಯಿಸಿ ಮನೆಯ ಕಡೆ ಪಡ ಹಾಕೋಣ. ದ್ರಾಕ್ಷಿ ಬಳ್ಳಿ ಕಲ್ಲುಕಂಬ, ತಂತಿ ಬೇಡುವ ಬೆಳೆ, ಒಮ್ಮೆ ಹಾಕಿದರೆ ಎಬ್ಬಿಸಿ ಬೇರೆ ಕಡೆ ಇಡಲು ಬರುವುದಿಲ್ಲ. ಕಾಯುವುದೇ ಶಾಣ್ಯಾತನ ಎಂದು ನಾವೆಲ್ಲರೂ ತಲೆಯಾಡಿಸಿದೆವು. ರಸ್ತೆ ಮಾತ್ರ ಬರಲಿಲ್ಲ. ಬಿಟ್ಟ ನೆಲದಲ್ಲಿ ಮೊದಲು ಕಸ ಬೆಳೆಯಿತು. ಆಮೇಲೆ ಊರಿನವರು ಮನೆ ಕೆಡವಿದ ಕಲ್ಲುಮಣ್ಣು ತಂದು ಸುರುವಿದರು. ಆಮೇಲೆ ಆಚೆ ಲೇಔಟುಗಳಾದವು, ಅಲ್ಲಿ ಮನೆ ಕಟ್ಟುವವರ ಉಸುಕಿನ ಗಾಡಿಗಳು ಸಮೀಪವಾಗುತ್ತದೆ ಎಂದು ಅದರ ಮೇಲೆಯೇ ಓಡಾಡತೊಡಗಿದವು. ಅಕ್ಕ ಬೇಡ ಅನ್ನಲಿಲ್ಲ. ದಾರಿ ದಾರಿಯ ಕೆಲಸ ಮಾಡುತ್ತಿದೆ ಎಂದು ಅವಳಿಗೆ ಒಂದು ರೀತಿಯ ಸಮಾಧಾನವೇ ಇತ್ತು.

ಕೊನೆಗೆ ರಸ್ತೆ ಮಂಜೂರಾಯಿತು. ಸ್ಥಳ ನೋಡಿ ಪಂಚನಾಮೆ ಮಾಡಲು ಸಾಹೇಬರು ಬಂದರು. ಸಭ್ಯ ಮನುಷ್ಯ, ಅಕ್ಕ ಕೊಟ್ಟ ಮಜ್ಜಿಗೆ ಕುಡಿದು ನಮಸ್ಕಾರವನ್ನೂ ಮಾಡಿದರು. ಮೌಲಾಸಾಬರ ಮೂಲೆಯಲ್ಲಿ ಆಗ ಜೋಳ ನಿಂತಿತ್ತು. ಬೆಳೆ ಇದ್ದ ಭೂಮಿ, ಪರಿಹಾರ ಕೊಡಬೇಕು ಎಂದು ಬರೆದುಕೊಂಡರು. ಅಕ್ಕನ ನೆಲಕ್ಕೆ ಬಂದು, ಗಾಡಿಯ ಗಾಲಿ ಕೊರೆದ ಚಾಕೋರಿ ನೋಡಿ, ನೆರೆಯವರೆಂದು ಮೌಲಾಸಾಬರನ್ನೇ ಕೇಳಿದರು: "ಇಲ್ಲಿ ದಾರಿ ಎಷ್ಟು ದಿವಸದಿಂದ ಅದ?"

ಮೌಲಾಸಾಬರು ಎದೆ ಮುಂದೆ ಮಾಡಿ ನಿಂತು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಕ್ಕನ ದೊಡ್ಡತನವನ್ನು ಸರಕಾರದ ಮುಂದೆ ಹೇಳಲು ಸಿಕ್ಕ ಅವಕಾಶ ಅದು ಅವರಿಗೆ. "ಬಾಳ ವರ್ಷಾತ್ರಿ ಸಾಹೇಬ್ರ. ನಾವೆಲ್ಲಾ ಬಿತ್ತೀವಿ, ಸುಳ್ಳ ಯಾಕ ಹೇಳ್ಲಿ. ಅಕ್ಕಾರು ಒಂದ ಸಾಲ ಹರಗಿಲ್ರಿ. ದಾರಿ ಅಂದ್ರ ದಾರಿನ ಅಂತ ಬಿಟ್ಟಾರ. ಅಂಥಾ ಮನಿತನ ಅದು."

ಸಾಹೇಬರು ತಲೆದೂಗಿ, 'ಬಹುಕಾಲದಿಂದ ರೂಢಿಯಲ್ಲಿರುವ ದಾರಿ' ಎಂದು ಬರೆದರು. ರೂಢಿಯ ದಾರಿಗೆ ಪರಿಹಾರವಿಲ್ಲ. ಸಾರ್ವಜನಿಕರು ಮೊದಲಿನಿಂದ ಓಡಾಡುವ ನೆಲ, ಅದರಲ್ಲಿ ಕೊಡುವುದೇನು? ನಾನು ಕಚೇರಿಯಿಂದ ಕಚೇರಿಗೆ ಅಲೆದೆ. ಒಬ್ಬರೂ ಗದರಲಿಲ್ಲ. ಎಲ್ಲರೂ ಕುರ್ಚಿ ಕೊಟ್ಟರು, ಎಲ್ಲರೂ ಅದೇ ಸಾಲನ್ನು ಓದಿ ತೋರಿಸಿದರು. ನಿಮ್ಮ ಅಕ್ಕನೇ ಬಿಟ್ಟಿದ್ದಾರಲ್ಲ ಮಾಸ್ತರ ಎಂದರು. ಮೌಲಾಸಾಬರು ನನ್ನ ಜೊತೆ ಬಂದು, ನಾನು ಹೇಳಿದ್ದು ಹಾಗಲ್ಲ ಎಂದು ಬೇಡಿಕೊಂಡರು. ಹೇಳಿದ್ದು ಹಾಗೆಯೇ ಇತ್ತು, ಏನು ಮಾಡುವುದು.

ರಸ್ತೆಯ ಜೊತೆ ಗಟಾರವೂ ಬಂತು. ನಕ್ಷೆಯಲ್ಲಿ ಆ ಗಟಾರ ದೂರದ ಹಳ್ಳದವರೆಗೆ ಹೋಗುತ್ತದೆ, ನೆಲದ ಮೇಲೆ ಅಕ್ಕನ ಬಾವಿಯ ಹತ್ತಿರ ಬಂದು ನಿಂತಿದೆ. ಮುಂದಿನದು ನಮ್ಮ ಹದ್ದಿಯಲ್ಲ ಎಂದು ನಗರದವರು, ಲೇಔಟಿನ ಕೆಲಸ ನಮ್ಮದಲ್ಲ ಎಂದು ಪಂಚಾಯಿತಿಯವರು, ಎರಡನೇ ಹಂತದಲ್ಲಿ ನೋಡೋಣ ಎಂದು ಇನ್ನೊಂದು ಕಚೇರಿಯವರು. ಲೇಔಟುಗಳ ಬಚ್ಚಲು ನೀರೆಲ್ಲ ಅಲ್ಲಿ ನಿಂತು, ಬಾವಿಗೆ ಇಳಿದು, ಈಗ ಆ ನೀರನ್ನು ಎಮ್ಮೆಯೂ ಮೂಸುವುದಿಲ್ಲ. ಪಡದ ಮಾತನ್ನು ಅಕ್ಕ ಬಿಟ್ಟಳು. ಮಗಳು ತಿಕೋಟಾದಿಂದ ದ್ರಾಕ್ಷಿ ಕಳಿಸಿದರೆ ಬುಟ್ಟಿಯನ್ನು ಹಾಗೆಯೇ ಸುತ್ತಲಿನ ಮನೆಯವರಿಗೆ ಹಂಚಿಬಿಡುತ್ತಾಳೆ, ಬಾಯಿಗೆ ಹಾಕುವುದಿಲ್ಲ. ಇಡೀ ಊರು ಬೆಳೆಯುವಾಗ ಒಬ್ಬಳ ಆಸೆ ಯಾವ ಲೆಕ್ಕ ಎನ್ನಬಹುದು ನೀವು. ನನಗೆ ಅವಳೊಬ್ಬಳೇ ಅಕ್ಕ. ಮತ್ತು ಆ ಊರಾದರೂ ಚೆನ್ನಾಗಿ ಬೆಳೆಯಿತೆ ಎಂದರೆ, ಅದೂ ಇಲ್ಲ.

ಭಜಿಯ ಕಾಗದ ನೋಡಿದ ರಾತ್ರಿ ನಿದ್ದೆ ಹತ್ತಲಿಲ್ಲ. ಯೋಜನೆ ಪರಿಷ್ಕರಣೆಯಾಗಿ, ಉಳಿದ ಹೊಲದಲ್ಲಿ ಇನ್ನೊಂದು ರಸ್ತೆಗೆ ಕಲ್ಲು ನೆಟ್ಟಿದ್ದಾರೆ ಎಂದು ವಾರದ ಹಿಂದೆಯೇ ಸುದ್ದಿ ಬಂದಿತ್ತು. ಮರುದಿನ ತಿಕೋಟಾ ಬಸ್ಸು ಹತ್ತಿದೆ. ಈ ಸಲ ಅಪ್ಪನ ಮಾತನ್ನು ಬದಿಗಿಡು, ಕಲ್ಲು ಕಿತ್ತು ಹರಗಿಸು ಎಂದು ಅವಳಿಗೆ ಹೇಳಬೇಕಿತ್ತು. ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಅದರ ಅಗತ್ಯ ಬೀಳಲಿಲ್ಲ. ಹೊಲ ಆಗಲೇ ಹರಗಿಯಾಗಿತ್ತು. ಕಲ್ಲುಗಳು ಬಾಂದಿನ ಮೇಲೆ ಬಿದ್ದಿದ್ದವು. ನನಗೆ ಒಂದು ಕ್ಷಣ ಖುಷಿಯೇ ಆಯಿತು. ಆಮೇಲೆ ಏನೋ ತಪ್ಪಿದೆ ಅನ್ನಿಸಿ ನಿಂತು ನೋಡಿದೆ. ಮೌಲಾಸಾಬರ ಮನೆಗೆ ಹೋಗುವ ಕಾಲುದಾರಿ ಇರಲಿಲ್ಲ. ಇದ್ದ ಗುರುತೂ ಇರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ ಕರಿ ಹೆಂಟೆ.

ಅಕ್ಕ ಕಟ್ಟೆಯ ಮೇಲೆ ಕೂತು ಕಡಲೆ ಹಸನು ಮಾಡುತ್ತಿದ್ದಳು. "ಬಾ ತಮ್ಮಾ" ಎಂದಳು.

"ಅಕ್ಕಾ, ಮೌಲಾಸಾಬರ ದಾರಿ?"

ಮೊರದಿಂದ ತಲೆ ಎತ್ತಲಿಲ್ಲ. "ಹರಗಿಸೇನಿ."

"ಅದು ಅವರು ನಡಿಯೂ ದಾರಿ."

"ಹೌದು, ಅದಕ್ಕ ಹರಗಿಸೇನಿ. ನಾಳಿ ಯಾರರ ಬಂದು ಕೇಳಿದ್ರ, ಇಲ್ಲಿ ದಾರಿ ಇತ್ತು ಅನ್ನೂವ್ರು ಒಬ್ಬರೂ ಇರಬಾರ್ದು."

ನಾನು ಅವಳ ಪಕ್ಕ ಕೂತೆ. ದೂರದಲ್ಲಿ ಮೌಲಾಸಾಬರು ಮೇವಿನ ಹೊರೆ ಹೊತ್ತುಕೊಂಡು, ಡಾಂಬರು ರಸ್ತೆ ಹಿಡಿದು ಸುತ್ತಿ ಹೋಗುತ್ತಿದ್ದರು. ಈ ಕಡೆ ತಿರುಗಿ ನೋಡಲಿಲ್ಲ. ಅಕ್ಕನೂ ನೋಡಲಿಲ್ಲ.