ಹೊರಗಿನವರ ಸರ್ಟಿಫಿಕೇಟು

ಈದ್ ಮಿಲಾದ್‌ಗೆ ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಸಭೆ ಇಟ್ಟಿದ್ದರು. ಕಾಲೇಜಿನಲ್ಲಿ ಇತಿಹಾಸ ಕಲಿಸುವವಳೆಂದು ಕನ್ನಡದಲ್ಲಿ ಮಾತನಾಡಲು ನನ್ನನ್ನು ಕರೆದರು. ಮಸೀದಿ ಕಮಿಟಿಯ ಹಿರಿಯರೊಬ್ಬರು ಮನೆಗೇ ಬಂದು, "ಪೈಗಂಬರರನ್ನ ಯುರೋಪಿನ ಪಂಡಿತರು ಹೊಗಳಿರೋದನ್ನೇ ಹೇಳಮ್ಮ. ಅಕ್ಕಪಕ್ಕದ ಹಿಂದೂಗಳೂ ಬರ್ತಾರೆ. ಬಿಳಿಯರು ಹೇಳಿದ್ರೆ ನಂಬ್ತಾರೆ" ಎಂದರು.

ಆ ಪಂಡಿತರ ಪುಸ್ತಕಗಳನ್ನು ನಾನು ಸಾಕಷ್ಟು ಓದಿದ್ದೆ. ಒಬ್ಬ ಪೈಗಂಬರರನ್ನು ಮೋಸಗಾರನೆಂದು ಬೈದಿದ್ದ, ಇನ್ನೊಬ್ಬ ಮಹಾಪುರುಷನೆಂದು ಹೊಗಳಿದ್ದ. ತೀರ್ಪು ಕೊಡುವ ಗತ್ತು ಮಾತ್ರ ಇಬ್ಬರದೂ ಒಂದೇ.

ವೇದಿಕೆ ಹತ್ತಿ ಕೇಳಿಯೇಬಿಟ್ಟೆ: "ಇವತ್ತು ಯುರೋಪಿನ ಪಂಡಿತರು ಪೈಗಂಬರರನ್ನ ಹೊಗಳಿದ್ರು ಅಂತ ಬೀಗಿದ್ರೆ, ನಾಳೆ ಬೈದಾಗ ತಲೆ ತಗ್ಗಿಸ್ಬೇಕಾ? ನನಗೆ ಅವರ ಸರ್ಟಿಫಿಕೇಟು ಬೇಡ."

ಆಮೇಲೆ ನಮ್ಮ ಅಮ್ಮಿಯ ಮಾತು ಹೇಳಿದೆ. ಅಣ್ಣ ಉಂಡ ತಟ್ಟೆ ಬಿಟ್ಟು ಎದ್ದರೆ ಅಮ್ಮಿ ಗದರುತ್ತಿದ್ದಳು: "ಪೈಗಂಬರರೇ ತಮ್ಮ ಚಪ್ಪಲಿ ತಾವೇ ಹೊಲ್ಕೋತಿದ್ರು. ನಿನ್ ತಟ್ಟೆ ತೊಳೆಯೋಕೆ ನಿನಗೇನೋ ರೋಗ?"

ಹೆಂಗಸರ ಕಡೆಯಿಂದ ನಗು ಎದ್ದಿತು. ಪಕ್ಕದ ಮನೆಯ ಗೌಡರ ಹೆಂಡತಿಯಂತೂ ಗಂಡನ ಮುಖ ನೋಡಿಕೊಂಡೇ ನಕ್ಕರು.

ಕೆಳಗಿಳಿದಾಗ ಹಿರಿಯರು ಮುಖ ಗಂಟಿಕ್ಕಿಕೊಂಡಿದ್ದರು. "ನಾನು ಹೇಳಿದ್ದು ಒಂದೂ ಹೇಳ್ಲಿಲ್ವಲ್ಲಮ್ಮ" ಎಂದರು.

"ಮುಂದಿನ ವರ್ಷ ಕರೆದ್ರೂ ಹೇಳಲ್ಲ ಚಾಚಾ" ಎಂದೆ.