ಅಪ್ಪ ಅರ್ಧಕ್ಕೆ ನಿಲ್ಲಿಸಿದ ಮಾತು

ಲಕ್ವಾ ಹೊಡೆದ ಮೇಲೆ ಅಪ್ಪನ ಬಾಯಿಂದ ಒಂದು ಮಾತು ಹೊರಬೀಳಲು ಬಹಳ ಹೊತ್ತು ಹಿಡಿಯುತ್ತಿತ್ತು. ಮೊದಲು ತುಟಿ ಅಲುಗಾಡುತ್ತಿದ್ದವು, ಆಮೇಲೆ ಕುತ್ತಿಗೆಯ ನರ ಬಿಗಿಯುತ್ತಿತ್ತು, ಕೊನೆಗೆ ಒಂದೊಂದೇ ಶಬ್ದ. ಆ ವರ್ಷ ಸಂಕ್ರಾಂತಿ ಮುಗಿಸಿಕೊಂಡು ಅಥಣಿಯಿಂದ ತವರೂರು ಬೇಡಕಿಹಾಳಕ್ಕೆ ಅವನನ್ನು ನೋಡಲು ಹೋದಾಗ, ನನ್ನ ಕೈ ಹಿಡಿದು ಹಾಗೇ ಏನೋ ಹೇಳಲು ಶುರುಮಾಡಿದ.

"ನನ್ನ... ನನ್ನ..."

ಅಷ್ಟರಲ್ಲಿ ಹೊರಗೆ ವ್ಯಾನಿನ ಹಾರ್ನು. ನನ್ನ ಗಂಡ. ಸೊಲ್ಲಾಪುರದಿಂದ ಬಂದಿದ್ದ ತಮ್ಮ ಅಕ್ಕ-ಭಾವನಿಗೆ ಅವರು ಅಥಣಿಗೆ ವಾಪಸು ಹೋಗುವ ದಾರಿಯ ಊರುಗಳನ್ನು ತೋರಿಸಬೇಕಿತ್ತು. ಅವ್ವ ಬಡಿದಿಟ್ಟ ರೊಟ್ಟಿ ಬುಟ್ಟಿಯಲ್ಲೇ ಉಳಿದವು. ಮತ್ತೆ ಹಾರ್ನು. ಅಪ್ಪನ ಕೈ ಬಿಡಿಸಿಕೊಂಡು ಹೋಗಿ ವ್ಯಾನು ಹತ್ತಿದೆ.

ಸದಲಗಾ ದಾಟಿದೊಡನೆ ಒಂದು ಬೆಲ್ಲದ ಗಾಣದ ಮುಂದೆ ನಿಂತರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವುದನ್ನು ನೋಡಿದರು, ಬಿಸಿ ಬೆಲ್ಲ ತಿಂದರು, ಹೊಸ ಕ್ಯಾಮೆರಾದಲ್ಲಿ ಫೋಟೊ ಹೊಡೆದುಕೊಂಡರು. ನಾನು ವ್ಯಾನಿನಲ್ಲೇ ಕೂತು ಹಲ್ಲು ಕಡಿಯುತ್ತಿದ್ದೆ.

ಯಡೂರಿನಲ್ಲಿ ವೀರಭದ್ರನ ದರ್ಶನವಾಯಿತು. ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರು, ಯಾರೂ ಕೇಳದಿದ್ದರೂ, ಹಿಂದೆ ಕೃಷ್ಣೆಗೆ ಮಹಾಪೂರ ಬಂದ ಕತೆ ತೆಗೆದರು. ಬಾಯಲ್ಲಿ ಹಲ್ಲಿಲ್ಲ, ನಡುನಡುವೆ ಕೆಮ್ಮು. ನನ್ನ ಗಂಡ ಅವರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು.

"ಸಾವಕಾಶ ಹೇಳ್ರಿ ಅಜ್ಜಾರ, ನಮಗೇನ ಗಡಿಬಿಡಿ ಇಲ್ಲ."

ನನಗೆ ಮೈಯೆಲ್ಲ ಉರಿ ಹತ್ತಿತು.

"ನಮ್ಮಪ್ಪನ ಒಂದ ಮಾತ ಕೇಳಾಕ ನಿಮಗ ಪುರಸೊತ್ತ ಇರಲಿಲ್ಲ. ಇಲ್ಲಿ ಗಡಿಬಿಡಿ ಇಲ್ಲ ಅಂತೀರಿ?"

"ಮಂದಿ ಮುಂದ ಏನಿದು? ಗಾಡ್ಯಾಗ ಕುಂತ ಮಾತಾಡೂಣು, ಏಳ."

"ಗಾಡ್ಯಾಗ ನೀವ ಕುಂಡ್ರಿ. ನಾ ಬೇಡಕಿಹಾಳಕ್ಕ ಹೊಂಟೆ."

ಅವರ ಅಕ್ಕ ಗಾಬರಿಯಾದರು. "ಅಥಣಿಗೆ ಹೋಗಿ ಅಡಗಿ ಯಾರ ಮಾಡ್ತಾರವಾ?"

"ನಿಮ್ಮ ತಮ್ಮಗ ಎರಡ ಕೈ ಅದಾವಲ್ಲರಿ," ಎಂದು ಚೀಲ ಎತ್ತಿಕೊಂಡು ನಡೆದೆ. ಚಿಕ್ಕೋಡಿ ಬಸ್ಸು ಸಿಕ್ಕಿತು. ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿ ಬೇಡಕಿಹಾಳದಲ್ಲಿ ಇಳಿದೆ.

ನನ್ನನ್ನು ನೋಡಿ ಅವ್ವ ಎದೆ ಹಿಡಿದುಕೊಂಡಳು. "ಜಗಳಾ ಮಾಡ್ಕೊಂಡ ಬಂದೇನ ಬೇ?"

"ಹೌದು," ಎಂದು ಸೀದಾ ಅಪ್ಪನ ಹತ್ತಿರ ಹೋಗಿ ಕೂತೆ. "ಈಗ ಹೇಳಪಾ. ಎಷ್ಟ ಹೊತ್ತಾದ್ರೂ ಆಗಲಿ."

ಹೇಳಿದ. "ನನ್ನ... ಹೊರಗ... ಕುಂಡ್ರಸ್ರಿ."

ಅಪ್ಪನನ್ನು ಮಲಗಿಸಿದ್ದು ತಂಬಾಕಿನ ಚೀಲ ಒಟ್ಟುವ ಒಳಕೋಣೆಯಲ್ಲಿ. ಕಿಟಕಿಯಿಲ್ಲ, ಉಸಿರೆಳೆದರೆ ಘಾಟು. ಹಗಲೆಲ್ಲ ಹೊಲದಲ್ಲಿ ಕಳೆದ ಮನುಷ್ಯ ದೀಪಾವಳಿಯಿಂದ ಬಿಸಿಲು ಕಂಡಿರಲಿಲ್ಲ.

ಸಂಜೆ ನನ್ನ ತಮ್ಮ ಮನೆಗೆ ಬಂದ ಕೂಡಲೇ ಅವನ ಮೇಲೆ ಹರಿಹಾಯ್ದೆ.

"ಥಂಡಿ ಅಂತ ಒಳಗ ಮಲಗಿಸೇವಿ ಅಕ್ಕಾ. ಅಂವ ಏನೂ ಹೇಳಲೇ ಇಲ್ಲ."

"ಹೇಳೂತನಕ ಯಾರ ನಿಂತಿದ್ರಿ?"

ಮರುದಿನ ಮುಂಜಾನೆ ಇಬ್ಬರೂ ಅಪ್ಪ ಮಲಗಿದ್ದ ಹೊರಸನ್ನು ಅಂಗಳಕ್ಕೆ ತಂದು ಹಾಕಿದೆವು. ಬಿಸಿಲು ಮುಖಕ್ಕೆ ಬಿದ್ದಾಗ ಅಪ್ಪ ಕಣ್ಣು ಮುಚ್ಚಿಕೊಂಡ. ಬಹಳ ಹೊತ್ತು ತೆರೆಯಲಿಲ್ಲ. ಅವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಒಳಗೆ ಹೋದಳು.

ವಾರ ಬಿಟ್ಟು ಗಂಡ ಕರೆದೊಯ್ಯಲು ಬಂದರು. ಅಂಗಳದಲ್ಲೇ ನಿಂತು "ಹೆಂಗದೀರಿ ಮಾವಾರ?" ಎಂದವರೇ ಉತ್ತರಕ್ಕೆ ಕಾಯದೆ ನನ್ನ ಕಡೆ ತಿರುಗಿದರು. "ಹೊಂಡೂಣೇನ?"

ಅಪ್ಪನ ತುಟಿ ಅಲುಗಾಡತೊಡಗಿದ್ದವು.

"ಕುಂಡ್ರಿ," ಎಂದೆ. ನನ್ನ ದನಿ ಕೇಳಿ ಅವರು ಹೊರಸಿನ ತುದಿಗೆ ಕೂತರು. ನಾನು ಎದುರಿಗೇ ನಿಂತೆ. ಓಣಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಾದುಹೋಯಿತು, ಅದರ ಸದ್ದೂ ಅಡಗಿತು. ಅವರು ಒಮ್ಮೆ ಗಡಿಯಾರ ನೋಡಿಕೊಂಡರು. ನಾನು ಕದಲಲಿಲ್ಲ.

ಕೊನೆಗೆ ಅಪ್ಪ ಅಂದ: "ಚಾ... ಕುಡದ... ಹೋಗ್ರಿ."