ತುಳಸಿಕಟ್ಟಿಯ ಮಣ್ಣು

ವಕೀಲರನ್ನ ಯಾಕ ಹಿಡೀಲಿಲ್ಲ ಅಂತ ಮಂದಿ ಇವತ್ತಿಗೂ ಕೇಳ್ತಾರ. ಕೇಸು ಹಾಕಿದಾಕಿ ನಮ್ಮ ಮನಿ ಮಾಲಕಿ. ಆಕಿನ್ನ ನಾ ಅಕ್ಕ ಅಂತ ಕರೀತಿದ್ದೆ. ನಾನೇ ಎದುರಿಗೆ ನಿಂತು ಕೇಳಿದ್ರ ಅಕ್ಕನ ಬಾಯಾಗ ಸುಳ್ಳು ಹೊಂಡೂದಿಲ್ಲ ಅಂತ ನಂಬಿದ್ದೆ. ಎಂಥಾ ಹುಚ್ಚಿ ನಾನು!

ಬೆಟಗೇರಿಯೊಳಗ ಮುಂದಿನ ಮನ್ಯಾಗ ಆಕಿ, ಹಿಂದಿನ ಮನ್ಯಾಗ ಬಾಡಿಗಿಗೆ ನಾನು ಮತ್ತ ನನ್ನ ಮಗ್ಗ. ನೇಯಾಕ ಕುಂತಾಗ ಕಾಲು ಇಳಿಬಿಟ್ಟು ತುಳಿಯಾಕ ನೆಲದಾಗ ತೆಗ್ಗು ಬೇಕು. ಅದನ್ನ ತೋಡಿಸಿದ ದಿನ ಅಕ್ಕ ತಾನೇ ಮೊದಲು ಅದರಾಗ ಕಾಲು ಬಿಟ್ಟು ಕುಂತು, "ಇನ್ನೊಂದು ಗೇಣು ಅಗಸವಾ, ಮೊಳಕಾಲು ಬಡೀತೈತಿ" ಅಂದಿದ್ಲು. ಮಣ್ಣು ಹೊರಗ ಚೆಲ್ಲಾಕ ಬಿಡಲಿಲ್ಲ. ಬಂಗಾರದಂಥಾ ಮಣ್ಣು ಅಂತ ಹೇಳಿ ತನ್ನ ಹೊಸಾ ತುಳಸಿಕಟ್ಟಿಗೆ ತುಂಬಿಸಿಕೊಂಡ್ಲು. ದಿನಾ ಮುಂಜಾನಿ ನೀರು ಹಾಕಿ ಅದಕ್ಕ ಸುತ್ತು ಹಾಕಾಕಿ ಆಕಿ, ಒಳಗ ಲಾಳಿ ಹೊಡ್ಯಾಕಿ ನಾನು.

ಆಮ್ಯಾಲ ಆಕಿ ಮಗನಿಗೆ ಹಿಂದಿನ ಮನಿ ಕೆಡವಿ ಮಳಿಗಿ ಕಟ್ಟಸೂ ಆಸೆ ಹುಟ್ಟಿತು. "ಮಗ್ಗಕ್ಕ ಅಂದ್ರ ಯಾರೂ ಮನಿ ಕೊಡವಲ್ರು, ಸ್ವಲ್ಪ ತಡೀರಿ" ಅಂದೆ. ತಡೀಲಿಲ್ಲ. ಗದಗ ಕೋರ್ಟಿನಿಂದ ನೋಟೀಸು ಬಂತು: ಮಾಲಕಿನ್ನ ಕೇಳದ ನೆಲಾ ಅಗದು ಮನಿ ಕೆಡಿಸ್ಯಾಳ, ಖಾಲಿ ಮಾಡಸ್ರಿ ಅಂತ. ಓದಿ ನಕ್ಕಬಿಟ್ಟೆ. ಇದು ಮಗನ ಮಾತು, ಅಕ್ಕಂದಲ್ಲ ಅಂತ ತಿಳಕೊಂಡೆ.

ಆಕಿ ಸಾಕ್ಷಿ ಹೇಳಿದ ಮ್ಯಾಲ ಜಡ್ಜ್ ಸಾಹೇಬ್ರು ನನ್ನ ಕಡೆ ತಿರುಗಿ, "ಪಾಟಿ ಸವಾಲು ನೀವೇ ಮಾಡ್ತೀರೇನಮ್ಮಾ? ಕೇಳಿ" ಅಂದ್ರು.

"ಅಕ್ಕಾ, ಆ ತೆಗ್ಗಿನ್ಯಾಗ ಮೊದಲು ಕಾಲು ಬಿಟ್ಟು ಕುಂತಾಕಿ ಯಾರು?"

"ಬಾಡಿಗಿಗೆ ಕೊಟ್ಟ ಮ್ಯಾಲ ಆ ಮನ್ಯಾಗ ನಾ ಕಾಲೇ ಇಟ್ಟಿಲ್ಲ."

"ಹಂಗಾರ ಅಗದ ಮಣ್ಣು ಎಲ್ಲಿ ಹೋತು? ನಿನ್ನ ತುಳಸಿಕಟ್ಟ್ಯಾಗ ಇರೂದು ಯಾವ ಮಣ್ಣು? ನನ್ನ ಮಾರಿ ನೋಡಿ ಹೇಳು."

ಆಕಿ ನನ್ನ ಮಾರೀನ ನೋಡಿದ್ಲು. "ನನಗ ಗೊತ್ತಿಲ್ಲ" ಅಂದ್ಲು.

ಅದನ್ನೂ ಟೈಪ್ ಮಾಡಿಕೊಂಡ್ರು. ಇನ್ನೇನರ ಕೇಳೂದೈತೇನು ಅಂದ್ರು ಸಾಹೇಬ್ರು. ಏನು ಕೇಳ್ಲಿ? ನಾ ಮನಿಯಿಂದ ತಂದಿದ್ದು ಅವಷ್ಟೇ ಪ್ರಶ್ನೆ. ನಂಬಿಸಿ ಕುತ್ತಿಗಿ ಕೊಯ್ಯೂದು ಅಂತಾರಲ್ಲ, ಅದು ಹ್ಯಾಂಗಿರತೈತಿ ಅಂತ ಅವತ್ತು ತಿಳೀತು. ಹೊರಗ ಬಂದ ಮ್ಯಾಲ ಆಕಿ ನನ್ನ ಬಾಜೂಕ ಬಂದು, "ನೀ ಮುಂಜಾನಿಂದ ಏನೂ ತಿಂದಿಲ್ಲ, ಚಾ ಕುಡೀತೀಯೇನವಾ?" ಅಂತ ಕೇಳಿದ್ಲು! ಸಿಟ್ಟು ನೆತ್ತಿಗೇರಿ ತಿರುಗಿ ನೋಡದ ನಡದಬಿಟ್ಟೆ.

ನಾ ಸೋತೆ. ಮನಿ ಬಿಡಬೇಕು, ಬಿಡೂಕಿಂತ ಮೊದಲು ತೆಗ್ಗು ಮುಚ್ಚಿ ಕೊಡಬೇಕು ಅಂತ ಆತು. ನಾಳೆ ಕೆಡವೂ ಮನಿಗೆ! ಮಗ್ಗ ಬಿಚ್ಚಿ ಗ್ವಾಡಿಗೆ ಆನಿಸಿಟ್ಟೆ. ಮರುದಿನ ಮುಂಜಾನಿ ಬುಟ್ಟಿ ಹಿಡಕೊಂಡು ಮುಂದಿನ ಅಂಗಳಕ್ಕ ಹೋದೆ. ಅಕ್ಕ ತಂಬಿಗಿಲೆ ತುಳಸಿಗೆ ನೀರು ಹಾಕಾಕ ಹತ್ತಿದ್ಲು.

"ಯಾಕ ಬಂದಿ?" ಅಂದ್ಲು.

"ತೆಗ್ಗು ಮುಚ್ಚಬೇಕಲ್ಲ ಅಕ್ಕಾ. ನನ್ನ ಮಣ್ಣು ಕೊಡು."

ಆಕಿ ತಂಬಿಗಿ ಕಟ್ಟಿ ಮ್ಯಾಲ ಇಟ್ಟು, ಒಳಗ ಹೋಗಿ ಬಾಗಿಲಾ ಹಾಕ್ಕೊಂಡ್ಲು. ಅವತ್ತು ತುಳಸಿಗೆ ಸುತ್ತು ಹಾಕಲಿಲ್ಲ.